ನೀರಿನ ಕಾಕಾ ಬಾಯಿ ತೋರಿಸಿದ ದಿನ

ಮಾತಾಡುವಾಗ ಅವನು ಹೆಗಲ ಮೇಲಿನ ಟಾವೆಲ್ಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಎದುರಿಗೆ ಮಾಲಕನೇ ನಿಂತಿರಲಿ, ಕೂಸೇ ನಿಂತಿರಲಿ. ನಮ್ಮ ಮೈಯ ನಾತಕ್ಕೆ ಹೀಗೆ ಮಾಡುತ್ತಾನೆ ಎಂದುಕೊಂಡು ಮೊದಲ ದಿನವೇ ಅವನನ್ನು ಮನಸ್ಸಿನಲ್ಲಿ ಬೈದೆ.

ಬೈಲಹೊಂಗಲದ ಹೊರಗಿನ ಒಂದು ಖಾಸಗಿ ಈಜುಗೊಳದಲ್ಲಿ ನೀರು ನೋಡಿಕೊಳ್ಳುವುದು ಅವನ ಕೆಲಸ. ಮಕ್ಕಳು ನೀರಿನ ಕಾಕಾ ಅನ್ನುತ್ತಿದ್ದರು. ನಾನು ಮೊಮ್ಮಗಳನ್ನು ಕರಕೊಂಡು ದಿನಾ ಸಂಗೊಳ್ಳಿಯಿಂದ ಬಸ್ಸಿಗೆ ಬರುತ್ತಿದ್ದೆ. ನನ್ನ ಹುಡುಗಿ ನೀರಿಗಿಳಿದರೆ ಮೀನು. ಅಜ್ಜಿ ಹೊಗಳುತ್ತಾಳೆ ಅನ್ನುವವರು ಅನ್ನಲಿ, ಮೀನೇ.

ಗೇಟು ತೆಗೆಯುವ ಮೊದಲು ಕಾಕಾ ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಹೊರಳಾಡಿಸಿ ರುಚಿ ನೋಡಿ ಉಗುಳುತ್ತಿದ್ದ. ನೀರು ಪರೀಕ್ಷಿಸುವ ಬಣ್ಣದ ಔಷಧ ತೀರಿ ವರ್ಷಗಳಾಗಿದ್ದವು, ಮಾಲಕ ತರಿಸಿರಲಿಲ್ಲ. ಆಮೇಲೆ ಯಾರು ಸಿಕ್ಕರೂ ಬೈಗಳೇ. ಓಡಬ್ಯಾಡ, ಉಗುಳಬ್ಯಾಡ, ನೀರು ಕುಡಿಬ್ಯಾಡ.

ಎರಡು ವರ್ಷಕ್ಕೆ ಮೊಮ್ಮಗಳ ಮುಂದಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿದವು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ ಅನ್ನುತ್ತಿದ್ದಳು. ತಂಬಾಕಿನ ಚಟ ಹತ್ತಿತೆಂದು ಕೆನ್ನೆಗೆ ಎರಡು ಬಾರಿಸಿದೆ. ಇಲ್ಲ ಎಂದು ಅತ್ತಳು, ನಂಬಲಿಲ್ಲ. ಮರುದಿನದಿಂದ ಸಗಣಿ ಕುಳ್ಳಿನ ಬೂದಿ, ಉಪ್ಪು ಪುಡಿಕೆ ಕಟ್ಟಿ ತಂದು, ಅವಳು ನೀರಿನಿಂದ ಮೇಲೆ ಬಂದ ಕೂಡಲೇ ಮೆಟ್ಟಿಲ ಮೇಲೆ ಕೂಡಿಸಿ ತಿಕ್ಕತೊಡಗಿದೆ. ಕಾಕಾ ಬಂದವನೇ ಪುಡಿಕೆ ಕಸಿದು ಗಟಾರಕ್ಕೆ ಎಸೆದ.

"ಹಲ್ಲು ತಿಕ್ಕಾಕ ಹತ್ತೀರೋ, ಬೋಗುಣಿ ತಿಕ್ಕಾಕ ಹತ್ತೀರೋ, ಆಯಿ? ಈ ನೀರಾಗಿಂದ ಬಂದ ಹಲ್ಲು ಮೆತ್ತಗ ಇರ್ತಾವು. ಬರೇ ನೀರಲೆ ಮುಕ್ಕಳಿಸಿ ಬಿಡ್ರಿ."

ನಿನ್ನ ಕೆಲಸ ನೀರು ನೋಡುವುದು, ನೀರು ನೋಡು ಅಂದೆ. ಅಂದಿನಿಂದ ನಮಗೆ ಮಾತಿಲ್ಲ. ಬೂದಿ ಮಾತ್ರ ಬಿಡಲಿಲ್ಲ, ಗೇಟಿನ ಹೊರಗೆ ತಿಕ್ಕಿದೆ.

ಜಿಲ್ಲೆಯ ಸ್ಪರ್ಧೆಗೆ ಎಂಟು ದಿನ ಇತ್ತು. ನೀರು ಶುಚಿ ಮಾಡಲು ಮಾಲಕ ತರಿಸಿದ ಹೊಸ ಪುಡಿ ಸುರಿದ ಮೇಲೆ ನೀರು ಹುಳಿಯಾಗಿದೆ ಎಂದು ಕಾಕಾ ಗೇಟಿಗೆ ಕೀಲಿ ಜಡಿದುಬಿಟ್ಟ. ಮಾಲಕ ಒದರಿದ, ತಂದೆತಾಯಿಗಳು ಒದರಿದರು. ನನ್ನ ಹುಡುಗಿ ಟೋಪಿ ಹಿಡಿದು ಅಳುತ್ತ ಕೂತಿದ್ದಳು. ನನಗೆ ತಡೆಯಲಿಲ್ಲ. ಮುಂದೆ ಹೋಗಿ, ನಿನ್ನ ಹಲ್ಲಿಗೆ ಹುಳ ಹತ್ತಲಿ ಎಂದು ಶಾಪ ಹಾಕಿದೆ.

ಆಗ ಟಾವೆಲ್ ತೆಗೆದ. ಬಾಯಿ ತೆರೆದು ನಿಂತ. ಮುಂದೆ ಹಲ್ಲೇ ಇಲ್ಲ. ಚೀಪಿ ಬಿಟ್ಟ ಬೆಲ್ಲದ ಚೂರಿನಂಥ ನಾಲ್ಕು ಮೊಂಡು, ಅಷ್ಟೆ.

"ಹುಳ ಹತ್ತಾಕ ಹಲ್ಲರ ಎಲ್ಲಿ ಅದಾವ್ರಿ? ಹದಿನೆಂಟು ವರ್ಷ ಈ ನೀರು ಬಾಯಾಗ ಹಾಕ್ಕೊಂಡೇನಿ. ನಿಮ್ಮ ಹುಡುಗಿ ದಿನಾ ಎರಡು ತಾಸು ಇದರಾಗ ಇರ್ತಾಳ. ಬೈರಿ, ಹೊಡೀರಿ, ಗೇಟು ತೆಗಿಯಂಗಿಲ್ಲ."

ನಾನು ಅಲ್ಲಿಂದಲೇ ಹುಡುಗಿಯನ್ನು ಹಲ್ಲಿನ ಡಾಕ್ಟರಮ್ಮನ ಕಡೆ ಕರೆದೊಯ್ದೆ. ದಿನಾ ಪೂಲಿನಲ್ಲಿ ಈಜುವವರಿಗೆ ಹೀಗೆ ಕಲೆ ಕೂಡುತ್ತದೆ, ತೆಗೆಯಬಹುದು ಅಂದರು. ಆದರೆ ನೀರು ಹುಳಿಯಾದರೆ ಹಲ್ಲಿನ ಮೇಲಿನ ಹೊಳಪಿನ ಪದರವನ್ನೇ ತಿನ್ನುತ್ತದೆ, ಅದು ತಿರುಗಿ ಬರುವುದಿಲ್ಲ. ಇವಳದು ಸವೆಯಲು ಶುರುವಾಗಿದೆ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು. ಒರಟಾಗಿ ತಿಕ್ಕಿದ್ದು ಯಾರು ಎಂದು ಕೇಳಿದರು. ನಾನು ಫ್ಯಾನು ನೋಡುತ್ತ ಕೂತೆ.

ಎಂಟು ದಿನ ನೀರಿಗಿಳಿಯದೆ ಹುಡುಗಿ ಎರಡನೆಯವಳಾದಳು. ಆ ಸಿಟ್ಟು ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ಮಾಲಕ ಕಾಕಾನನ್ನು ಅದೇ ವಾರ ಹೊರಗೆ ಹಾಕಿದ. ಅವನು ರಾಮದುರ್ಗದ ಕಡೆಯ ತನ್ನೂರು ಸುರೇಬಾನಕ್ಕೆ ಹೋದ. ಹೋಗಿ ಶಾಪ ಹಿಂದಕ್ಕೆ ತಗೊಳ್ಳಬೇಕು ಎನ್ನುತ್ತಲೇ ಇದ್ದೆ, ರಾಮದುರ್ಗದ ಬಸ್ಸು ಹತ್ತಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ.

ಮೊನ್ನೆ ನನ್ನ ಮೊಮ್ಮಗಳು ಚಿನ್ನ ಗೆದ್ದಳು! ಫೋಟೋದಲ್ಲಿ ಬಾಯಿ ತುಂಬ ನಗುತ್ತಾಳೆ, ಅಷ್ಟೂ ಹಲ್ಲು ಕಾಣುತ್ತವೆ. ಬಂದವರಿಗೆಲ್ಲ ತೋರಿಸುತ್ತೇನೆ. ಈಗ ಅವಳೇ ಬೇರೆ ಪೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ನಾನು ಮೆಟ್ಟಿಲ ಮೇಲೆ ತಂಬಿಗೆ ಕುಡಿಯುವ ನೀರು ಹಿಡಿದು ಕೂಡುತ್ತೇನೆ. ಮೇಲೆ ಬಂದ ಒಬ್ಬರನ್ನೂ ಮುಕ್ಕಳಿಸದೆ ಬಿಡುವುದಿಲ್ಲ, ಬೈದೇ ಮುಕ್ಕಳಿಸಲು ಹಚ್ಚುತ್ತೇನೆ. ಇದನ್ನು ಯಾರು ಕಲಿಸಿದರು ಆಯಿ ಎಂದು ಮಕ್ಕಳು ಕೇಳಿದರೆ, ಹಲ್ಲಿಲ್ಲದವನು ಅನ್ನುತ್ತೇನೆ.