ಹುಣಸೆಹುಳಿ ಹಾಕಿ ತಿಕ್ಕಿದ ಪೈರೈಟ್ ಉಂಡೆಗಳು

ನಾಲ್ಕು ವರ್ಷದ ಹಿಂದಿನ ಬೇಸಿಗೆ. ಸೀತೂರಿನ ಹತ್ತಿರ ಒಬ್ಬರ ಜಮೀನಿನಲ್ಲಿ ಬಾವಿ ತೋಡುವ ಕೆಲಸ ಹಿಡಿದಿದ್ದೆವು. ಕೆಳಗಿಳಿದು ಅಗೆಯುವುದು ನನ್ನ ಗಂಡ, ಬುಟ್ಟಿಯಲ್ಲಿ ಮೇಲೆ ಬಂದ ಮಣ್ಣನ್ನು ಹೊತ್ತು ಹಾಕುವುದು ನಾನು. ಒಂದೊಂದು ದಿನದ ಮಣ್ಣನ್ನು ಬೇರೆ ಬೇರೆ ಗುಪ್ಪೆ ಮಾಡುವುದು ನನ್ನ ಪದ್ಧತಿ. ದಿನಕ್ಕೆಷ್ಟು ಕೆಲಸವಾಯಿತೆಂದು ಕಣ್ಣಿಗೆ ಕಾಣದಿದ್ದರೆ ನನಗೆ ಸಮಾಧಾನವಿಲ್ಲ.

ಆಳದಲ್ಲಿ ಕಪ್ಪು ಪದರುಗಲ್ಲು ಬಂತು. ಅದರೊಳಗೆ ನಿಂಬೆಹಣ್ಣಿನ ಗಾತ್ರದ, ಒಡೆದರೆ ಚಿನ್ನದಂತೆ ಹೊಳೆಯುವ ಉಂಡೆಗಳು! ಕಲ್ಲುಗಳ ಅಧ್ಯಯನಕ್ಕೆಂದು ಊರೂರು ಸುತ್ತುತ್ತಿದ್ದ ರಶ್ಮಿ ಎಂಬ ಹುಡುಗಿ ಸುದ್ದಿ ಕೇಳಿ ಓಡಿ ಬಂದಳು.

"ಚಿನ್ನ ಅಲ್ಲಮ್ಮ, ಪೈರೈಟ್ ಅಂತ, ಕಬ್ಬಿಣ-ಗಂಧಕ ಸೇರಿದ ಖನಿಜ. ಆದ್ರೆ ಇದರ ಮೇಲಿನ ತೆಳು ಸಿಪ್ಪೆಯಲ್ಲಿ ಫೋನಿಗೆಲ್ಲ ಬೇಕಾಗೋ ವಿರಳ ಖನಿಜ ಇರಬಹುದು" ಎಂದಳು.

ಐದು ದಿನ ಉಂಡೆಗಳನ್ನು ಆರಿಸಿ, ಆಳ ಬರೆದ ಕವರುಗಳಿಗೆ ಹಾಕಿ, ಚೀಲವನ್ನು ನಮ್ಮ ಮನೆಯಲ್ಲಿಟ್ಟು ಕೊಪ್ಪಕ್ಕೆ ಹೋದಳು.

ಕೆಸರು ಮೆತ್ತಿದ್ದನ್ನು ಹಾಗೇ ಕೊಟ್ಟರೆ ನಮ್ಮ ಮರ್ಯಾದೆ ಏನಾಗಬೇಕು? ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು, ಹುಣಸೆಹುಳಿ, ಮರಳು ಹಾಕಿ ದೇವರ ದೀಪ ಬೆಳಗಿದ ಹಾಗೆ ತಿಕ್ಕಿಬಿಟ್ಟೆ.

ಮರುದಿನ ಬಂದ ರಶ್ಮಿ ಬೋಗುಣಿಯ ಮುಂದೆ ಕುಳಿತು ಒಂದೊಂದೇ ಉಂಡೆ ತಿರುಗಿಸಿ ನೋಡಿದಳು. "ಸಿಪ್ಪೆ ಹೋಯ್ತು. ಯಾವುದು ಎಷ್ಟು ಆಳದ್ದು ಅನ್ನೋದೂ ಹೋಯ್ತು. ಇನ್ನು ಇದು ಬರೀ ಕಲ್ಲಮ್ಮ. ಎರಡು ವರ್ಷ ಊರೂರು ಅಲೆದು ಹುಡುಕಿದ್ದು..." ಎಂದು ಅತ್ತೇಬಿಟ್ಟಳು. ಬಾವಿಯಲ್ಲಿ ಆಗಲೇ ನೀರು ತುಂಬಿತ್ತು, ಮತ್ತೆ ಇಳಿಯುವಂತಿರಲಿಲ್ಲ. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ!

ಆಗ ಹೊಳೆಯಿತು. "ಅಳಬೇಡ ಮಾರಾಯ್ತಿ, ಏಳು. ಯಾವ ದಿನದ ಕಲ್ಲು ಯಾವ ಗುಪ್ಪೇಲಿದೆ ಅಂತ ನಂಗೊತ್ತು" ಎಂದೆ. ಯಾವ ದಿನ ಎಷ್ಟು ಮೊಳ ಇಳಿದಿದ್ದೆಂದು ಗಂಡ ನೆನಪು ಮಾಡಿ ಹೇಳಿದರು. ಎರಡು ದಿನ ಮೂವರೂ ಗುಪ್ಪೆ ಕೆದಕಿ, ಕಲ್ಲು ಒಡೆದು ಹೊಸ ಉಂಡೆ ಹುಡುಕಿದೆವು. ಕೆಸರು ಒರೆಸಲೂ ನಾನು ಕೈ ಹಾಕಲಿಲ್ಲ.

ಕೆಲವು ತಿಂಗಳ ಮೇಲೆ ರಶ್ಮಿಯ ಫೋನು. "ಅಮ್ಮಾ, ಸಿಕ್ತು! ನಾಲ್ಕನೇ ದಿನದ ಗುಪ್ಪೆಯ ಉಂಡೇಲಿ ಆ ಖನಿಜ ಸಿಕ್ತು!" ಎಂದು ಕೂಗಿದಳು. ಉಂಡೆಗಳನ್ನಿಟ್ಟ ಡಬ್ಬಿಯ ಫೋಟೋವನ್ನೂ ಕಳಿಸಿದಳು. ಮೇಲಿದ್ದ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಸಂಗ್ರಹಿಸಿದವರು, ಗಿರಿಜಾ, ಸೀತೂರು.

"ಅಗೆದಿದ್ದು ನಾನು, ಹೆಸರು ನಿಂದಾ?" ಎಂದು ಗಂಡ ಛೇಡಿಸಿದರು.

"ಗುಪ್ಪೆ ಹಾಕಿದ್ದು ಯಾರು ಮಾರಾಯ್ರೇ?" ಎಂದೆ.

ನಾನು ಮಣ್ಣು ಹೊತ್ತ ಬಾವಿಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಒಂದರ ಕಟ್ಟೆಯ ಮೇಲೂ ನನ್ನ ಹೆಸರಿಲ್ಲ. ಆ ಪುಟ್ಟ ಡಬ್ಬಿಯ ಮೇಲಿದೆ.