ಅಡುಗೆಮನೆಗೆ ಬಾಗಿಲು ಬೇಡ ಎಂದೆ

ಕಲಬುರಗಿಯ ನಮ್ಮ ಮನೆಯನ್ನು ಹೋದ ವರ್ಷ ಒಳಗೆ ಅಲ್ಲಲ್ಲಿ ಕೆಡವಿ ಹೊಸದು ಮಾಡಿಸಿಕೊಂಡೆವು. ನೋಡಲು ಬಂದ ನೆಂಟರು ಪಡಸಾಲೆ, ಮಲಗುವ ಕೋಣೆ, ದೇವರಮನೆ ಎಲ್ಲ ಸುತ್ತಿ ಚೆಂದ ಆಗಿದೆ ಎನ್ನುತ್ತಾರೆ. ಅಡುಗೆಮನೆಯ ಹತ್ತಿರ ಬಂದಾಗ ಮಾತ್ರ ಗೋಡೆಯ ಅಂಚನ್ನು ಕೈಯಿಂದ ಸವರಿ ಬಾಗಿಲು ಹುಡುಕುತ್ತಾರೆ. ನಮ್ಮಂಥ ವೈಷ್ಣವರ ಮನೆಯಲ್ಲಿ, ಅದೂ ಮಡಿಯ ಹಿರಿಯರಿರುವ ಮನೆಯಲ್ಲಿ, ಅಡುಗೆಮನೆಗೆ ಬಾಗಿಲಿಲ್ಲವೆಂದರೆ ಕೆಲಸ ಬಾಕಿ ಇದೆ ಎಂದೇ ಅರ್ಥ. "ಇನ್ನೂ ಕೂಡಿಸಬೇಕೇನು?" ಎಂದು ಕೇಳುತ್ತಾರೆ. ಕೂಡಿಸುವುದಿಲ್ಲ ಎನ್ನುತ್ತೇನೆ. ಯಾಕೆಂದು ಕೇಳಿದವರಿಗೆ ಇದುವರೆಗೆ ಹೇಳಿಲ್ಲ.

ಮನೆಯಲ್ಲಿ ಇರುವವರು ಮೂವರು: ನಾನು, ನನ್ನ ಗಂಡ, ಎಪ್ಪತ್ತು ದಾಟಿದ ನನ್ನ ಅತ್ತೆ. ನಾನು ಕಮಲಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ; ದಿನಾ ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಅತ್ತೆ ಐವತ್ತು ವರ್ಷದಿಂದ ಮಡಿಯಲ್ಲಿ ಅಡುಗೆ ಮಾಡಿಕೊಂಡು ಬಂದವರು. ಹಿಂದಿನ ದಿನವೇ ಒಗೆದು, ಯಾರ ಕೈಗೂ ಎಟುಕದ ಗಳದ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ, ಸ್ನಾನ ಮಾಡಿ ಉಟ್ಟರೆಂದರೆ, ನೈವೇದ್ಯವಾಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೊಂದು ಸೀರೆ. ಸ್ನಾನವಾಗದವರು ಹೊಸ್ತಿಲಿನ ಆಚೆಗೇ ನಿಲ್ಲಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದನ್ನು ನೋಡಿ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಆಮೇಲೆ ರೂಢಿಯಾಯಿತು. ನಕ್ಕಾಗಲೂ ಸಿಟ್ಟು ಮಾಡಿಕೊಂಡಾಗಲೂ ಯಾರಿಗೂ ಏನೂ ಆಗಿರಲಿಲ್ಲ. ರೂಢಿಯಾದ ಮೇಲೆಯೇ ಆದದ್ದು.

ಅವತ್ತು ದ್ವಾದಶಿ. ಹಿಂದಿನ ದಿನ ಏಕಾದಶಿ, ಅತ್ತೆ ಹನಿ ನೀರೂ ಮುಟ್ಟಿರಲಿಲ್ಲ. ದ್ವಾದಶಿಯ ಪಾರಣೆ ಬೇಗ ಆಗಬೇಕು, ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ನನಗಿನ್ನೂ ಸ್ನಾನವಾಗಿರಲಿಲ್ಲ. ನೀರಿನ ಬಾಟಲಿ ಕೇಳೋಣವೆಂದು ಹೊಸ್ತಿಲ ಬಳಿ ಬಂದೆ. ಅತ್ತೆ ಒಲೆಗೆ ಬೆನ್ನು ಮಾಡಿ, ಎದುರಿನ ಗೋಡೆಯ ಗೂಡಿನಿಂದ ತುಪ್ಪದ ಗಿಂಡಿ ತೆಗೆಯುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿ ಬಿಚ್ಚಿ ಹಿಂದಕ್ಕೆ ಇಳಿಬಿದ್ದಿತ್ತು. ಅದರ ಅಂಚಿನಲ್ಲಿ ವೀಳ್ಯದೆಲೆಯಷ್ಟು ಅಗಲದ ಉರಿ ಮೇಲಕ್ಕೆ ಹತ್ತುತ್ತಿತ್ತು.

ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟೆ. ಅತ್ತೆ ನನ್ನ ಕಡೆ ಮುಖ ಹೊರಳಿಸಿದರು; ಮೊದಲು ಕಂಡದ್ದು ಆ ಕಾಲು.

"ಏ, ಅಲ್ಲೇ ನಿಂದ್ರು. ಮಡಿ ಅದೀನಿ. ಏನ್ ಬೇಕು ಹೇಳು, ಎತ್ತಿ ಇಡ್ತೀನಿ."

ನಾನು ನಿಂತೆ.

ಎಷ್ಟು ಹೊತ್ತು ನಿಂತೆ ಎಂಬುದನ್ನು ಆಮೇಲೆ ಬಸ್ಸಿನಲ್ಲಿ ಕೂತು ನೂರಾರು ಸಲ ಅಳೆದಿದ್ದೇನೆ. ಅತ್ತೆಯ ಮಾತು ಪೂರ್ತಿ ಮುಗಿಯುವಷ್ಟು ಹೊತ್ತು. "ಎತ್ತಿ ಇಡ್ತೀನಿ" ಎನ್ನುವ ಕೊನೆಯ ಮಾತೂ ನನಗೆ ಕೇಳಿಸಿದೆ. ಎದುರಿಗೆ ಒಬ್ಬರ ಮೈಗೆ ಬೆಂಕಿ ಹತ್ತುತ್ತಿರುವಾಗ ಅವರ ಮಾತು ಮುಗಿಯಲಿ ಎಂದು ಯಾರು ಕಾಯುತ್ತಾರೆ? ಬಟ್ಟೆಗೆ ಬೆಂಕಿ ಹತ್ತಿದರೆ ಏನು ಮಾಡಬೇಕು ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುವವಳು ನಾನು. ನಾನೇ ಕಾದೆ.

ಆಮೇಲೆ ಅತ್ತೆಗೆ ವಾಸನೆ ಬಂದು ತಿರುಗಿದರು, ನಾನು ಹಾರಿದೆ. ಮಡಿನೀರಿನ ಕೊಡವನ್ನೇ ಎತ್ತಿ ಸುರಿದೆ. ಸೀರೆ ಹರಿದು ಎಳೆದೆ. ಬೆನ್ನು, ಎಡ ಭುಜ, ಮೊಣಕೈವರೆಗೆ ಸುಟ್ಟಿತ್ತು. ತಿಂಗಳಿಗೂ ಹೆಚ್ಚು ಆಸ್ಪತ್ರೆಯಲ್ಲಿದ್ದರು. ನೋಡಲು ಬಂದವರೆಲ್ಲ ನನ್ನ ತಲೆ ಸವರಿ ಹೋದರು. ಸೋಲಾಪುರದಿಂದ ಬಂದ ನಾದಿನಿ, "ನೀ ಓಡಿ ಹೋಗ್ಲಿಲ್ಲಂದ್ರ ನಮ್ಮ ಆಯಿ ನಮಗ ಸಿಗ್ತಿದ್ದಿಲ್ಲ" ಎಂದು ಹೊಸ ಸೀರೆ ಕೊಟ್ಟರು. ತೆಗೆದುಕೊಂಡೆ. ನಿಂತಿದ್ದನ್ನು ಯಾರಿಗೂ ಹೇಳಲಿಲ್ಲ.

ಅಡುಗೆಮನೆಯ ಗೋಡೆ ಮಸಿ ಹಿಡಿದಿತ್ತು, ತುಪ್ಪದ ಗೂಡು ಒಡೆದಿತ್ತು. ಅಲ್ಲಿಂದ ಶುರುವಾದ ಕೆಲಸ ಇಡೀ ಮನೆಗೆ ಹಬ್ಬಿತು. ನನ್ನ ಗಂಡ ಮನೆಯ ಒಳಾಂಗಣ ವಿನ್ಯಾಸ ಮಾಡುವ ಹುಡುಗಿಯೊಬ್ಬಳನ್ನು ಕರೆತಂದರು. ಚುರುಕಾದ ಹುಡುಗಿ. ನಾನು ಹಳೆಯ ಕಲ್ಲಿನ ಗೋಡೆ ಉಳಿಯಬೇಕು, ಬೆಳಕೂ ಬೇಕು ಎಂದೆ. ಗಂಡ ಎಲ್ಲ ಬಿಳಿ ಆಗಲಿ ಎಂದರು. ಆಸ್ಪತ್ರೆಯ ಮಂಚದಿಂದಲೇ ಅತ್ತೆ, ಪಡಸಾಲೆಯ ಸಾಗವಾನಿ ಕಂಬ ಮುಟ್ಟಿದರೆ ನೋಡು ಎಂದರು. ಹುಡುಗಿ ನಕ್ಕಳು.

"ಹಳೇದು ಹೊಸದು ಅರ್ಧರ್ಧ ಇಟ್ರ ಎರಡೂ ಜಗಳಾ ಆಡ್ತಾವ್ರಿ ಮೇಡಂ. ಒಂದೊಂದು ಖೋಲಿ ಒಂದೊಂದಕ್ಕೆ ಬಿಟ್ಟುಕೊಡ್ರಿ. ಇನ್ನೊಂದು ಅದರಾಗ ಸ್ವಲ್ಪೇ ಇರ್ಲಿ, ಆದ್ರ ಎದ್ದು ಕಾಣ್ಲಿ."

ಹಾಗೇ ಮಾಡಿದೆವು. ಪಡಸಾಲೆಯಲ್ಲಿ ಕಲ್ಲಿನ ಗೋಡೆ, ಕಂಬ, ನೆಲದ ಶಹಾಬಾದಿ ಫರಸಿ ಎಲ್ಲ ಹಾಗೇ ಉಳಿದವು. ಹೊಸದೆಂದರೆ ಒಂದು ಉದ್ದನೆಯ ಬಿಳಿ ಕಪಾಟು ಮಾತ್ರ. ನಮ್ಮ ಮಲಗುವ ಕೋಣೆ ಪೂರ್ತಿ ಬಿಳಿ. ಅದರಲ್ಲಿ ಅತ್ತೆಯ ತವರಿನ ಕಬ್ಬಿಣಪಟ್ಟಿಯ ಪೆಟ್ಟಿಗೆಯೊಂದು ಮಂಚದ ಕಾಲ ಬಳಿ ಕರ್ರಗೆ ಕೂತಿತು. ಒಂದಕ್ಕೊಂದು ಹೊಂದದ ಸಾಮಾನುಗಳು ಪಕ್ಕಪಕ್ಕದಲ್ಲಿ ಎಷ್ಟು ಸಲೀಸಾಗಿ ಇರುತ್ತವೆ ಎಂದು ನನಗೇ ಆಶ್ಚರ್ಯವಾಯಿತು. ಅಡ್ಡಿಯಾದದ್ದು ಅಡುಗೆಮನೆಯಲ್ಲಿ.

ಅತ್ತೆ ಆಸ್ಪತ್ರೆಯಿಂದ ಬಂದ ದಿನವೇ ಹೇಳಿದರು: "ನನಗ ಒಂದು ಸಣ್ಣ ಮಡಿ ಅಡಗಿಮನಿ ಬ್ಯಾರೆ ಮಾಡ್ರಿ. ನಿಮ್ಮ ಗ್ಯಾಸು, ಮಿಕ್ಸರು ನಿಮ್ಮ ಕಡಿಗೆ. ನಡುವ ಗೋಡಿ ಬರ್ಲಿ. ಬಾಗಲ ಗಟ್ಟಿ ಇರ್ಲಿ, ಒಳಗ ಚಿಲಕ ಇರ್ಲಿ."

ಗಂಡ ಒಪ್ಪಿಬಿಟ್ಟರು. "ಆಯಿ ಇಷ್ಟು ದಿನಕ್ಕ ಕೇಳಿದ್ದು ಒಂದೇ. ಮಾಡಿಬಿಡೋಣ. ನಿನಗೂ ಕಿರಿಕಿರಿ ಇಲ್ಲ."

ಒಳಗೆ ಚಿಲಕ. ಅದನ್ನು ಕೇಳಿದ ರಾತ್ರಿಯಿಂದ ಕಣ್ಣು ಮುಚ್ಚಿದರೆ ನನಗೆ ಹೊಸ್ತಿಲು ಹೋಗಿ ಬಾಗಿಲು ಕಾಣತೊಡಗಿತು. ಬಾಗಿಲ ಆಚೆ ಸುಟ್ಟ ವಾಸನೆ, ಈಚೆ ನಾನು.

ಆ ವಾರ ಕಮಲಾಪುರದಲ್ಲಿ ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯ ಮನೆಗೆ ಊಟಕ್ಕೆ ಹೋಗಿದ್ದೆ. ಬಾಳೆಯ ತೋಟವಿರುವ ಒಕ್ಕಲುತನದ ಮನೆ. ನಿಮ್ಮ ಅತ್ತೆಗೆ ಕೆಂಪು ಬಾಳೆಹಣ್ಣು ಕೊಡುತ್ತೇನೆ ಬಾ ಎಂದು ಕರೆದಿದ್ದಳು. ಅವಳ ಅತ್ತೆಯೂ ಅವಳೂ ಒಂದೇ ಒಲೆಯ ಎರಡು ಬದಿಗೆ ಕೂತು ಜೋಳದ ರೊಟ್ಟಿ ಮಾಡುತ್ತಿದ್ದರು. ಒಬ್ಬರು ಬಡಿದು ಹಂಚಿಗೆ ಹಾಕಿದರೆ ಇನ್ನೊಬ್ಬರು ಸುಡುತ್ತಿದ್ದರು. ಅವರಿಗೆ ಮಡಿ ಇಲ್ಲವೆಂದಲ್ಲ, ಲಿಂಗಪೂಜೆಯ ಹೊತ್ತಿಗೆ ಅವರದೂ ಇದೆ. ಜಗಳ ಇಲ್ಲವೆಂದೂ ಅಲ್ಲ.

"ಹಿಟ್ಟು ಗಟ್ಟಿ ಆಗ್ಯಾದ. ಸಾಲಿ ಕಲಿಸಿ ಕಲಿಸಿ ಕೈ ಮರ್ತಾವೇನು?" ಎಂದು ಅವಳ ಅತ್ತೆ ಚುಚ್ಚಿದರು.

"ನೀವು ನಾದಿಟ್ಟಿದ್ದ ಹಿಟ್ಟೇರಿ ಇದು" ಎಂದಳು ಸೊಸೆ.

ನಾನು ನೋಡುತ್ತಿದ್ದದ್ದು ಅವರ ನಡುವಿನ ಜಾಗವನ್ನು. ಒಂದು ಕೈ ಚಾಚಿದರೆ ಇನ್ನೊಬ್ಬರ ಭುಜ ಸಿಗುತ್ತಿತ್ತು. ಅಷ್ಟೇ ಅಂತರ. ಮುಟ್ಟದೆ ಅರ್ಧ ದಿನ ಕೂತಿರಬಹುದು; ಮುಟ್ಟಬೇಕೆಂದರೆ ಏಳಬೇಕಾಗಿಲ್ಲ. ನಾನು ಎದ್ದು ಹೋಗಿ ನನ್ನ ಕೈಯಿಂದ ಅಳೆದೆ. ನನಗೆ ಹುಚ್ಚು ಹಿಡಿದಿದೆ ಎಂದು ಅವರು ಅಂದುಕೊಂಡಿರಬೇಕು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಸಂಜೆ ಬಸ್ಸು ಕಪನೂರಿಗೆ ಬಂದಾಗ ಇಳಿದುಬಿಟ್ಟೆ. ನಮ್ಮ ಮರಗೆಲಸದ ಮಿಸ್ತ್ರಿಯ ಕಾರ್ಖಾನೆ ಅಲ್ಲೇ. ಅಡುಗೆಮನೆಯ ಬಾಗಿಲು, ಚೌಕಟ್ಟು ತಯಾರಾಗಿ ಗೋಡೆಗೆ ಒರಗಿದ್ದವು. ಚಿಲಕದ ತೂತು ಆಗಲೇ ಕೊರೆದಿದ್ದರು.

"ಇದನ್ನ ತರಬ್ಯಾಡ್ರಿ ಚಾಚಾ" ಎಂದೆ.

ಮಿಸ್ತ್ರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಮೇಡಂ, ಸಾಹೇಬ್ರು ಹೇಳ್ಯಾರ, ಅಮ್ಮಾರು ಹೇಳ್ಯಾರ. ಈಗ ನೀವು ಬಂದು ಬ್ಯಾಡ ಅಂತೀರಿ. ನಿಮ್ಮ ಮನ್ಯಾಗ ಮಾಲಕರು ಎಷ್ಟು ಮಂದಿ ಅದಾರ?"

"ಬೆಂಕಿ ಹತ್ತಿದಾಗ ಅಲ್ಲಿ ಯಾರು ಇರ್ತಾರೋ ಅವ್ರು."

ಅವರು ನನ್ನ ಮುಖ ನೋಡಿದರು. "ಠೀಕ್ ಅದ. ಆದ್ರ ಅಮ್ಮಾರಿಗೆ ನಾ ಹೇಳೂದಿಲ್ಲ. ನೀವೇ ಹೇಳ್ರಿ."

ಮನೆಗೆ ಬಂದು ಕೈಕಾಲು ತೊಳೆಯದೆ ಅತ್ತೆಯ ಕೋಣೆಗೆ ಹೋದೆ. ಗಂಡ ಅವರ ಬೆನ್ನಿಗೆ ಮುಲಾಮು ಹಚ್ಚುತ್ತ ಕೂತಿದ್ದರು. ಅಡುಗೆಮನೆಗೆ ಗೋಡೆ ಬರುವುದಿಲ್ಲ, ಬಾಗಿಲು ಬರುವುದಿಲ್ಲ, ಹಳೆಯ ಹೊಸ್ತಿಲನ್ನೂ ಕೀಳಿಸುತ್ತೇನೆ ಎಂದೆ. ಎರಡು ಕಟ್ಟೆ ಎದುರುಬದುರು. ಒಂದು ಕರಿಕಲ್ಲಿನದು, ಅತ್ತೆಯದು, ಅವರ ಹಿತ್ತಾಳೆ, ಅವರ ಮಡಿ. ಇನ್ನೊಂದು ಬಿಳಿಯದು, ನನ್ನದು. ನಡುವೆ ನಾನು ಒಂದು ಕೈ ಚಾಚುವಷ್ಟು ಜಾಗ. ನಲ್ಲಿ ಎರಡೂ ಕಡೆಗೆ ಎಟುಕುವಂತೆ ತುದಿಯಲ್ಲಿ.

"ಮನಿ ನಿನ್ನೊಬ್ಬಾಕಿದೇನು?" ಗಂಡ ಕೇಳಿದರು. "ಜೀವಾ ಉಳಿಸೀದಿ ಅಂತ ಎಲ್ಲಾ ನಿನ್ನ ಮಾತೇ ನಡೀಬೇಕೇನು?"

"ಉಳಿಸಿಲ್ರಿ" ಎಂದೆ. "ಅತ್ಯಾ, ಅವತ್ತು ಸೆರಗಿಗೆ ಉರಿ ಹತ್ತಿದ್ದು ನಾ ಮೊದಲೇ ನೋಡಿದ್ದೆ. ನೀವು ನಿಂದ್ರು ಅಂದ್ರಿ. ನಾ ನಿಂತೆ. ನೋಡ್ಕೋತ ನಿಂತೆ."

ಗಂಡನ ಕೈ ಅತ್ತೆಯ ಬೆನ್ನ ಮೇಲೆ ಹಾಗೇ ನಿಂತಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ತಿರುಗಲಿಲ್ಲ.

"ಗೊತ್ತದ ನನಗ" ಎಂದರು. "ನಿನ್ನ ಮಾರಿ ನನ್ನ ಮುಂದೇ ಇತ್ತಲ್ಲ. ಏನೋ ನೋಡಿ ಹೆದರೀದಿ, ಆದ್ರೂ ಕಾಲು ಎತ್ತವಲ್ಲಿ. ಯಾಕ ಅಂತ ಆಮ್ಯಾಲೆ ತಿಳೀತು."

"ಮತ್ತ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಂದ್ರಿಸಿದಾಕಿ ನಾನೇ." ಹೊದಿಕೆಯನ್ನು ಸೊಂಟಕ್ಕೆ ಎಳೆದುಕೊಂಡರು. "ಅದಕ್ಕ ಬಾಗಲ ಕೇಳೀನಿ. ಬಾಗಲ ಹಾಕ್ಕೊಂಡಿದ್ರ ನೀ ನೋಡೂದೂ ಇಲ್ಲ, ನಿಂದ್ರೂದೂ ಇಲ್ಲ. ನನ್ನ ಮಡಿ ನನ್ನ ಪಾಲಿಗೆ. ಏನರ ಆದ್ರೂ ನಿನ್ನ ತಲಿ ಮ್ಯಾಲೆ ಬರಬಾರ್ದು."

ನಾನು ಜಗಳಕ್ಕೆ ತಯಾರಾಗಿ ಬಂದವಳು. ಮಡಿಯ ಹಟ ಎಂದುಕೊಂಡಿದ್ದೆ. ನನ್ನನ್ನು ಕಾಪಾಡಲಿಕ್ಕೆ ಒಂದು ಸಾಗವಾನಿ ಬಾಗಿಲು ಮಾಡಿಸುತ್ತಿದ್ದಾರೆ ಎಂದು ತಿಳಿದಾಗ ಮನಸ್ಸು ಕರಗಬೇಕಾಗಿತ್ತು. ಕರಗಲಿಲ್ಲ. ಸಿಟ್ಟು ಇನ್ನೂ ಏರಿತು. ತಾವು ಒಳಗೆ ಸುಟ್ಟುಕೊಳ್ಳುತ್ತ ನನಗೆ ಹೊರಗೆ ನೆಮ್ಮದಿ ಕೊಡುವ ಲೆಕ್ಕ ಅದು. ಅಂಥ ನೆಮ್ಮದಿ ನನಗೆ ಬೇಡವಾಗಿತ್ತು.

"ನನ್ನ ತಲಿ ಮ್ಯಾಲೆ ಬರ್ಲಿ" ಎಂದೆ. "ನೋಡೋ ಜಾಗಾದಾಗೇ ಇರ್ತೀನಿ. ಮತ್ತ ನಿಂತ್ರ ತಪ್ಪು ನಂದು. ಆದ್ರ ನನಗ ಕಾಣದಂಗ ಮಾತ್ರ ಮಾಡಬ್ಯಾಡ್ರಿ."

"ಅರ್ಧ ಬಾಗಲ ಮಾಡಿಸೋಣು. ಸೊಂಟದ ಮಟ" ಎಂದರು ಅತ್ತೆ.

"ಬ್ಯಾಡ್ರಿ."

"ಒಂದು ಪಡದಾ ಕಟ್ಟಲಿಕ್ಕೆ ಸಳಿ ಹಾಕಿಸು, ಸಾಕು."

"ಒಲಿ ಮುಂದ ಅರಿವಿ ಕಟ್ತೀರೇನು, ಇಷ್ಟಾದ ಮ್ಯಾಲೂ?"

ಅತ್ತೆಯ ಬೆನ್ನು ಅಲುಗಿತು. ನಕ್ಕರೋ ನೋವಿಗೋ ತಿಳಿಯಲಿಲ್ಲ. "ಮಾಸ್ತರ್ತಿ ಆಗಿ ಬಾಯಿ ಭಾಳ ಆಗ್ಯಾದ ಇಕಿಗೆ" ಎಂದು ಮಗನಿಗೆ ಹೇಳಿದರು. ಅವರು ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಮತ್ತೆ ಬಾಗಿಲಿನ ಮಾತು ಎತ್ತಲಿಲ್ಲ, ಅಷ್ಟೇ. ಮಿಸ್ತ್ರಿಯ ಚೌಕಟ್ಟು ಬೇರೆ ಯಾರದೋ ಮನೆಗೆ ಹೋಯಿತು. ಹೊಸ್ತಿಲಿದ್ದ ಜಾಗಕ್ಕೆ ಪಡಸಾಲೆಯದೇ ಫರಸಿ ಮುಂದುವರಿಸಿದೆವು. ಸಂದು ಕಾಣದಷ್ಟು ಚೆನ್ನಾಗಿ ಕೂಡಿದೆ.

ಅತ್ತೆ ಮತ್ತೆ ಮಡಿ ಉಟ್ಟು ಒಲೆಯ ಮುಂದೆ ನಿಂತದ್ದು ಮೂರು ತಿಂಗಳ ಮೇಲೆ. ನಾನು ಸ್ನಾನವಿಲ್ಲದೆ ನನ್ನ ಕಟ್ಟೆಯ ಹತ್ತಿರ ಚಹಾ ಮಾಡುತ್ತಿದ್ದೆ. ನನ್ನ ಕಾಲುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹೊಸ್ತಿಲು ಕಿತ್ತರೂ ಅವುಗಳಿಗೆ ಆ ಜಾಗ ನೆನಪಿತ್ತು. ಅಲ್ಲಿಗೆ ಬಂದಾಗ ತಾವಾಗಿಯೇ ತಡೆಯುತ್ತಿದ್ದವು. ಇನ್ನೊಂದು ಬೆಂಕಿ ಬರುವವರೆಗೆ ಕಾದು ಪರೀಕ್ಷೆ ಮಾಡುವಂತಿಲ್ಲ. ಕರಿಕಲ್ಲಿನ ಕಡೆಗೆ ಹೋಗಿ, ಅತ್ತೆಯ ತೋಳಿಗೆ ತಾಗುವಂತೆ ಕೈ ಹಾಕಿ ಉಪ್ಪಿನ ಡಬ್ಬಿ ತೆಗೆದುಕೊಂಡೆ. ನನಗೆ ಉಪ್ಪು ಬೇಕಾಗಿರಲಿಲ್ಲ.

ಅತ್ತೆ ಸೌಟು ಕೆಳಗಿಟ್ಟರು. ಒಲೆ ಆರಿಸಿದರು. ಬಚ್ಚಲಿಗೆ ಹೋಗಿ ಮತ್ತೆ ಸ್ನಾನ ಮಾಡಿ, ಮತ್ತೊಂದು ಸೀರೆ ಉಟ್ಟು ಬಂದು, ಬೇಳೆ ಚೆಲ್ಲಿ ಹೊಸದಾಗಿ ಇಟ್ಟರು. ಮರುದಿನವೂ ಹೋಗಿ ಉಪ್ಪು ತೆಗೆದೆ. ಮತ್ತೆ ಸ್ನಾನ. ವಾಸಿಯಾಗದ ತೋಳಿನ ಮೇಲೆ ಎರಡೆರಡು ಸಲ ನೀರು. ಇದು ಕ್ರೂರ ಎಂದು ಗಂಡ ಹೇಳಿದರು, ಹೌದು ಎಂದೆ. ಮೂರನೆಯ ದಿನ ಅತ್ತೆ ತಣ್ಣಗೆ ಕೇಳಿದರು, "ಎಷ್ಟು ದಿನಾ ನಡೀತದ ಇದು?"

"ನನ್ನ ಕಾಲಿಗೆ ರೂಢಿ ಆಗೋ ತನಕ್ರಿ."

ನಾಲ್ಕನೆಯ ದಿನ ಎದ್ದು ಬರುವಷ್ಟರಲ್ಲಿ ಉಪ್ಪಿನ ಡಬ್ಬಿ ನನ್ನ ಬಿಳಿ ಕಟ್ಟೆಯ ಮೇಲೆ, ನನ್ನ ಚಹಾಪುಡಿಯ ಪಕ್ಕದಲ್ಲಿತ್ತು. ಅತ್ತೆ ತಿರುಗಿ ನೋಡದೆ ಕಡಗೋಲು ಆಡಿಸುತ್ತಿದ್ದರು. ನಾನು ಬೆಲ್ಲಕ್ಕೆಂದು ಅವರ ಕರಿಕಲ್ಲಿನ ಕಡೆಗೆ ಹೋದೆ.