ಬಾಪ್ಪುವಿನ ಕೋವಿಗೆ ನಂಬರು

ಕೋವಿ ಹಿಡಿದುಕೊಂಡು ಬಸ್ಸು ಹತ್ತಿದರೆ ಕೂರಲು ಸೀಟು ಸಿಗುತ್ತದೆ. ನಿಮಗೆ ಗೊತ್ತಿತ್ತಾ? ನನಗೂ ಗೊತ್ತಿರಲಿಲ್ಲ. ಕಳೆದ ಸೋಮವಾರ ಗೊತ್ತಾಯಿತು.

ನಿಟ್ಟೆಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು. ಎಂದಿನಂತೆ ಒಳಗೆ ಕಾಲಿಡಲು ಜಾಗವಿಲ್ಲ. ನನ್ನ ಕಂಕುಳಲ್ಲಿ ಹಳೆಯ ಚಾಪೆಯಲ್ಲಿ ಸುತ್ತಿದ ಉದ್ದನೆಯ ಕಟ್ಟು, ಅದರ ತುದಿಯಿಂದ ಇಣುಕುವ ನಳಿಗೆ. ಬೆನ್ನ ಹಿಂದೆ ನನ್ನ ಸೆರಪಿನ್ ಮಾವ್ಶಿ. (ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪನಿಗೆ ಬಾಪ್ಪು, ಚಿಕ್ಕಮ್ಮನಿಗೆ ಮಾವ್ಶಿ ಎನ್ನುತ್ತೇವೆ. ಮಗನೇ ಎಂದು ಕರೆಯುವುದಕ್ಕೆ ಪುತಾ.) ನಳಿಗೆ ಕಂಡದ್ದೇ ತಡ, ಮುಂದಿನ ಸೀಟಿನವರು ಒಟ್ಟಿಗೇ ಎದ್ದು ನಿಂತರು. ಎಂದೂ ನನ್ನ ಮುಖ ನೋಡದ ಕಂಡಕ್ಟರ್ ಆ ದಿನ ಬಹಳ ಮರ್ಯಾದೆಯಿಂದ ಕೇಳಿದ, "ಇದರಲ್ಲಿ ಗುಂಡು ಉಂಟಾ ಮಾಸ್ಟ್ರೇ?"

"ತೆಂಗಿನೆಣ್ಣೆ ಬಿಟ್ಟರೆ ಬೇರೆ ಎಂತದೂ ಇಲ್ಲ ಮಾರಾಯ" ಎಂದೆ.

ಹೇಳಿದ್ದು ಸುಳ್ಳಲ್ಲ. ಆ ಕೋವಿ ನನ್ನ ಪಾಸ್ಕು ಬಾಪ್ಪುವಿನದು. ಕಾರ್ಕಳದ ಆಚಾರಿಯೊಬ್ಬ ಮಾಡಿಕೊಟ್ಟ, ನಳಿಗೆಗೆ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ. ಅದಕ್ಕೆ ಕಂಪೆನಿಯ ಹೆಸರಿಲ್ಲ, ನಂಬರಿಲ್ಲ. ಗದ್ದೆಗೆ ಹಂದಿ ನುಗ್ಗುತ್ತದೆಂದು ಮದ್ರಾಸು ಸರಕಾರದ ಕಾಲದಲ್ಲೇ ಬಾಪ್ಪು ಲೈಸನ್ಸು ಮಾಡಿಸಿಕೊಂಡಿದ್ದ. ಬೆಳಗಾಗುವ ಹೊತ್ತಿಗೆ ಗದ್ದೆಯಿಂದ ಮರಳುವಾಗ ಅವನ ಅಂಗಿಯಿಂದ ಮದ್ದಿನ ವಾಸನೆ ಬರುತ್ತಿತ್ತು. ಅಂಗಳದಲ್ಲಿ ಆ ವಾಸನೆ ಬಂತೆಂದರೆ ನಾನು ಹಾಸಿಗೆಯಿಂದ ಹಾರಿ ಓಡುತ್ತಿದ್ದೆ. ಈಗಲೂ ಎಲ್ಲಾದರೂ ಪಟಾಕಿ ಸಿಡಿದರೆ ನನಗೆ ಹಬ್ಬ ನೆನಪಾಗುವುದಿಲ್ಲ, ಬಾಪ್ಪು ನೆನಪಾಗುತ್ತಾನೆ.

ಒಂದು ಮಳೆಗಾಲ ಮುಗಿದದ್ದೇ ಬಾಪ್ಪು ಬೊಂಬಾಯಿಗೆ ಹೊರಟ. "ಕೋವಿಗೆ ತುಕ್ಕು ಹಿಡಿಯದ ಹಾಗೆ ನೋಡಿಕೋ, ಕ್ರಿಸ್ಮಸಿಗೆ ಬರ್ತೇನೆ" ಎಂದು ಹೆಂಡತಿಗೆ ಹೇಳಿದ. ಯಾವ ಕ್ರಿಸ್ಮಸು ಎಂದು ಹೇಳಲಿಲ್ಲ.

ಮೊದಮೊದಲು ಕಾಗದ ಬಂತು. ಆಮೇಲೆ ಅದೂ ನಿಂತಿತು. ಹಡಗಿನಲ್ಲಿ ಕೆಲಸಕ್ಕೆ ಸೇರಿದ ಎಂದು ಒಬ್ಬರು, ಜ್ವರ ಬಂದು ಹೋದ ಎಂದು ಇನ್ನೊಬ್ಬರು. ಅಲ್ಲೇ ಬೇರೆ ಸಂಸಾರ ಹೂಡಿದ ಎಂದೂ ಹೇಳುವವರಿದ್ದಾರೆ. (ಇದನ್ನು ಮಾವ್ಶಿಯ ಎದುರು ಯಾರೂ ಹೇಳುವುದಿಲ್ಲ. ಆದರೆ ಅವಳಿಗೆ ಗೊತ್ತಿಲ್ಲದ್ದು ಯಾವುದಿದೆ?) ಮಾವ್ಶಿ ಮಾತ್ರ ಪ್ರತಿ ಶನಿವಾರ ಕೋವಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ತೆಂಗಿನೆಣ್ಣೆ ಹಚ್ಚುತ್ತಾಳೆ. ಹಂದಿಗಳು ಗದ್ದೆಯಲ್ಲಿ ಆರಾಮವಾಗಿ ಊಟ ಮಾಡುತ್ತವೆ. ಈ ಮನೆಯ ಕೋವಿ ಎಣ್ಣೆಸ್ನಾನ ಮಾಡುವುದಷ್ಟೇ ಎಂದು ಅವಕ್ಕೂ ತಿಳಿದುಹೋಗಿದೆ.

ಸಂಜೆ ನಮ್ಮ ಮನೆಗಳಲ್ಲಿ ಜಪಮಾಲೆಯ ಪ್ರಾರ್ಥನೆ ಇರುತ್ತದಲ್ಲ, ಅದರ ಕೊನೆಗೆ ಮನೆಯಲ್ಲಿ ತೀರಿಹೋದವರ ಹೆಸರು ಹೇಳಿ ಬೇಡಿಕೊಳ್ಳುವ ಕ್ರಮ. ಮಾವ್ಶಿ ತನ್ನ ಅತ್ತೆ ಮಾವನಿಂದ ಹಿಡಿದು ಎಲ್ಲರ ಹೆಸರೂ ಹೇಳುತ್ತಾಳೆ. ಬಾಪ್ಪುವಿನ ಹೆಸರು ಬರುವುದಿಲ್ಲ. ಅದಾದ ಮೇಲೆ ಪರವೂರಿನಲ್ಲಿರುವವರಿಗಾಗಿ ಬೇರೆಯೇ ಒಂದು ಪ್ರಾರ್ಥನೆ ಉಂಟು. ಅದರಲ್ಲಿ ಮೊದಲ ಹೆಸರೇ ಪಾಸ್ಕು.

ಹೀಗಿರುವಾಗ ಹೊಸ ಕಾಯಿದೆ ಬಂತು. ಸೈಕಲ್ಲಿಗೆ ಬಿಲ್ಲೆ ಆಯಿತು, ರೇಡಿಯೋಗೆ ಲೈಸನ್ಸು ಆಯಿತು, ಮನೆಯ ಬಾಗಿಲಿಗೆ ನಂಬರು ಆಯಿತು. ಕೋವಿಯನ್ನು ಬಿಡುತ್ತಾರಾ? ನಂಬರಿಲ್ಲದ ಕೋವಿಗಳಿಗೆಲ್ಲ ಎಂದೂ ಅಳಿಸಿಹೋಗದ ಹಾಗೆ ನಂಬರು ಹೊಡೆಸಬೇಕು. ಹೊಡೆಸುವಾಗ ಲೈಸನ್ಸುದಾರ ಖುದ್ದು ಎದುರಿಗಿರಬೇಕು. ಇಲ್ಲವಾದರೆ ಊರಿನಲ್ಲಿರುವ ಯಾರಾದರೂ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದೂ ಆಗದಿದ್ದರೆ ಕೋವಿ ಸರಕಾರಕ್ಕೆ.

ವಾರಸುದಾರ ಎಂದರೆ ಯಾರು? ಬಾಪ್ಪುವಿಗೆ ಮಕ್ಕಳಿಲ್ಲ, ನಾನೇ. ಆದರೆ ಮನುಷ್ಯ ಬದುಕಿರುವಾಗ ಅವನ ವಸ್ತುವಿಗೆ ವಾರಸುದಾರ ಹೇಗಾಗುವುದು? ಮಾವ್ಶಿ ಈ ಪ್ರಶ್ನೆ ಕೇಳಲಿಲ್ಲ. ಸುಮ್ಮನೆ ಚಾಪೆ ತಂದು ಕೋವಿ ಸುತ್ತಿದಳು. ಅವಳು ಕೇಳಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾರ್ಕಳದ ತಾಲೂಕು ಕಚೇರಿಯ ಜಗಲಿಯಲ್ಲಿ ಕೋವಿಗಳ ಸಂತೆ. ಗೋಡೆಗೆ ಒರಗಿದ ಕೋವಿಗಳು, ಅವುಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮಾಲಕರು. ಹಂದಿಗಳಿಗೆ ಸುದ್ದಿ ಸಿಕ್ಕಿದ್ದರೆ ಆ ದಿನ ಇಡೀ ತಾಲೂಕಿನ ಗದ್ದೆ ಅವುಗಳದ್ದೇ.

ನಮ್ಮ ಸರದಿ ಬಂತು. ಗುಮಾಸ್ತರು ತಲೆ ಎತ್ತದೆ ಕೇಳಿದರು, "ಮಾಲಕರು ಎಲ್ಲಿ?"

"ಬೊಂಬಾಯಿಯಲ್ಲಿ" ಎಂದಳು ಮಾವ್ಶಿ.

"ಬರುವುದು ಯಾವಾಗ?"

"ಕ್ರಿಸ್ಮಸಿಗೆ."

ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಗುಮಾಸ್ತರು ಕೋವಿಯನ್ನು ಎತ್ತಿ, ಆಚೀಚೆ ತಿರುಗಿಸಿ ನೋಡಿದರು. ಮತ್ತೆ ಕೇಳಿದರು, "ಎಂತ ಬಾಯಮ್ಮ, ಗುರ್ತ ಉಂಟಾ?"

ಇಲ್ಲಿಯೇ ಎಡವಟ್ಟಾದದ್ದು. ನಮ್ಮ ಕಡೆಯ ಈ 'ಗುರ್ತ' ಎಂಬ ಮಾತು ಎಂಥದ್ದೆಂದು ನಿಮಗೇ ಗೊತ್ತು. ವಸ್ತುವಿನ ಮೇಲಿದ್ದರೆ ಅದು ಚಿಹ್ನೆ. ಮನಸ್ಸಿನಲ್ಲಿದ್ದರೆ ಅದು ಪರಿಚಯ. ದಾರಿಯಲ್ಲಿ ಹಳೆಯ ಸಹಪಾಠಿ ಸಿಕ್ಕಿದರೆ "ನನ್ನ ಗುರ್ತ ಉಂಟಾ?" ಎಂದೇ ಕೇಳುತ್ತಾನೆ. (ಇಲ್ಲದಿದ್ದರೂ ನಾವು ಉಂಟು ಎನ್ನುತ್ತೇವೆ.) ಗುಮಾಸ್ತರು ಕೇಳಿದ್ದು ಮೊದಲನೆಯದನ್ನು. ಮಾವ್ಶಿಯ ಕಿವಿಗೆ ಬಿದ್ದದ್ದು ಎರಡನೆಯದು.

"ಗುರ್ತ ಇಲ್ಲದೆ ಉಂಟಾ ಸ್ವಾಮಿ?" ಎಂದಳು. ಅವಳ ಮುಖದಲ್ಲಿ ಎಂಥ ಬೆಳಕು! "ಎಡ ಹುಬ್ಬಿನ ಮೇಲೆ ಗಾಯದ ಕಲೆ ಉಂಟು. ನಡೆಯುವಾಗ ಬಲಗಾಲು ಸ್ವಲ್ಪ ಹೊರಗೆ ಹಾಕ್ತಾರೆ. ಈಗ ತಲೆ ನರೆತಿರಬಹುದು, ಸಪೂರ ಆಗಿರಬಹುದು. ಆದರೂ ನನಗೆ ಗುರ್ತ ಸಿಗ್ತದೆ. ನೀವು ಎಲ್ಲಿಯಾದರೂ ಕಂಡಿದ್ದೀರಾ?"

ಜಗಲಿಯಲ್ಲಿ ಬೀಡಿ ಸೇದುತ್ತಿದ್ದವರೂ ಇತ್ತ ತಿರುಗಿದರು. ಗುಮಾಸ್ತರು ಮೊದಲ ಸಲ ತಲೆಯೆತ್ತಿ ಮಾವ್ಶಿಯನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ.

"ನಾನು ಕೋವಿಯ ಗುರ್ತ ಕೇಳಿದ್ದು ಬಾಯಮ್ಮ" ಎಂದರು, ಮೆಲ್ಲಗೆ.

ಮಾವ್ಶಿ ನಾಚಿಕೊಳ್ಳಲಿಲ್ಲ. "ಅದಕ್ಕೂ ಉಂಟು" ಎಂದು ಕೋವಿಯ ಮರದ ಹಿಡಿಯನ್ನು ಅವರತ್ತ ತಿರುಗಿಸಿದಳು. ಅಲ್ಲಿ ಅಂಗೈಯಗಲ ಪಾಲಿಶು ಹೋಗಿ ಮರ ಬೆಳ್ಳಗಾಗಿತ್ತು. "ಗುರಿ ಇಡುವಾಗ ಅವರ ಕೆನ್ನೆ ತಾಗ್ತಿದ್ದ ಜಾಗ. ಇದು ಬೇರೆ ಯಾರ ಕೋವಿಯಲ್ಲಿಯೂ ಇಲ್ಲ."

ಇಷ್ಟು ವರ್ಷ ಆ ಕೋವಿಯನ್ನು ನೋಡಿದ್ದೇನೆ, ಎತ್ತಿದ್ದೇನೆ. ಆ ಜಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿಗೆ ಮಾವ್ಶಿ ಎಣ್ಣೆ ಮುಟ್ಟಿಸುವುದಿಲ್ಲವೆಂದು ಅವತ್ತು ಗೊತ್ತಾಯಿತು. ಎಣ್ಣೆ ಹಾಕಿದರೆ ಕಲೆ ಮುಚ್ಚಿಹೋದೀತು ಎಂಬ ಹೆದರಿಕೆ.

ಗುಮಾಸ್ತರು ತಲೆಯಾಡಿಸಿದರು. "ಮರದ ಮೇಲೆ ಇದ್ದದ್ದು ಕಾಯಿದೆಗೆ ಆಗುವುದಿಲ್ಲ ಬಾಯಮ್ಮ. ಮರ ಬದಲಾಯಿಸಬಹುದು. ಕಬ್ಬಿಣದ ಮೇಲೆ ಬೇಕು. ಇವರ ಹೆಸರಿಗೆ ಮಾಡುವುದಾ?" ಎಂದು ನನ್ನತ್ತ ಪೆನ್ನು ತೋರಿಸಿದರು.

"ಮತ್ತೆ ಅವರು ಬಂದರೆ?"

"ಬಂದರೆ ಪುನಃ ಅವರ ಹೆಸರಿಗೇ ಮಾಡುವ. ಅದಕ್ಕೆಂತ?"

ಮಾವ್ಶಿ ನನ್ನ ಮುಖ ನೋಡಿದಳು. "ಬಂದ ದಿನವೇ ಕೊಡ್ತೇನೆ ಮಾವ್ಶಿ" ಎಂದೆ. ಹೇಳುವಾಗ ನನಗೇ ನಂಬಿಕೆ ಬಂದುಬಿಟ್ಟಿತು. ನಿಜ ಹೇಳುತ್ತೇನೆ, ನನಗೂ ಬಾಪ್ಪು ಬೇಕು. ಅವನು ಅಂಗಳದಲ್ಲಿ ನಿಂತು "ಎಲ್ಲಿ ನನ್ನ ಕೋವಿ?" ಎಂದು ಗದರಿಸಬೇಕು.

ಮಾವ್ಶಿ ಆಗಲಿ ಎಂಬಂತೆ ತಲೆ ಆಡಿಸಿದಳು.

ನಂಬರು ಹೊಡೆಯುವವನು ಉಕ್ಕಿನ ಅಚ್ಚುಗಳನ್ನು ಒಂದೊಂದಾಗಿ ನಳಿಗೆಯ ಬುಡದಲ್ಲಿಟ್ಟು ಸುತ್ತಿಗೆಯಿಂದ ಬಡಿದ. ಪ್ರತಿ ಏಟಿಗೂ ಮಾವ್ಶಿಯ ಕಣ್ಣು ಮುಚ್ಚಿ ತೆರೆಯಿತು. ಮುಗಿದ ಮೇಲೆ ಆ ಅಂಕಿಗಳನ್ನು ಸೆರಗಿನಿಂದ ಒರೆಸಿ, ಬೆರಳಿನಿಂದ ಮುಟ್ಟಿ ನೋಡಿದಳು. ಓದಲು ಬಾರದವಳು, ಮುಟ್ಟಿಯೇ ತಿಳಿಯಬೇಕು.

"ಇದರಿಂದ ಎಂತ ಪ್ರಯೋಜನ?" ಎಂದು ಗುಮಾಸ್ತರನ್ನು ಕೇಳಿದಳು.

ಗುಮಾಸ್ತರಿಗೆ ಖುಷಿಯಾಯಿತು. ಬೆಳಗಿನಿಂದ ಯಾರೂ ಇದನ್ನು ಕೇಳಿರಲಿಲ್ಲವೇನೋ. "ಇನ್ನು ಚಿಂತೆ ಇಲ್ಲ ಬಾಯಮ್ಮ. ಇದು ಎಲ್ಲಿ ಕಳೆದುಹೋದರೂ ಪತ್ತೆಯಾಗ್ತದೆ. ಬೊಂಬಾಯಿಯಲ್ಲಿ ಪೊಲೀಸರ ಕೈಗೆ ಸಿಕ್ಕಿದರೂ ಸರಿ, ನಂಬರು ನೋಡಿ, ಯಾವ ಊರು, ಯಾವ ಮನೆ ಎಂದು ತಿಳಿದು ನಿಮ್ಮಲ್ಲಿಗೇ ಮುಟ್ಟಿಸ್ತಾರೆ."

ಮರಳುವಾಗಲೂ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಾವ್ಶಿ ಕೋವಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಾರ್ಕಳ ದಾಟಿತು. ನಿಟ್ಟೆ ಹತ್ತಿರ ಬಂದಾಗ, ಚಾಪೆಯೊಳಗೆ ಕೈ ಹಾಕಿ ಆ ನಂಬರನ್ನು ಮತ್ತೊಮ್ಮೆ ತಡವಿ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು:

"ಬೊಂಬಾಯಿಗೆ ಕೋವಿಯನ್ನು ಕಳಿಸಿ, ಅವರನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳಬೇಕಿತ್ತು, ಪುತಾ."